ಗದ್ದ ಮುಟ್ಟುವ ಕೆಲಸ

ಬೆಳಿಗ್ಗೆ ಎದ್ದಾಗಿನಿಂದ ವೆಂಕಟಾಚಲನ ಕಣ್ಣಿಗೆ ಬರೀ ಗದ್ದಗಳೇ ಬೀಳುತ್ತಿದ್ದವು. ಹಾಲು ತಂದವಳದು ಮುಂದಕ್ಕೆ ಚಾಚಿದ ಗದ್ದ. ಎದುರುಮನೆಯ ಗುಮಾಸ್ತರಿಗೆ ಗದ್ದವೇ ಇಲ್ಲ, ತುಟಿ ಮುಗಿಯುತ್ತಲೇ ಕುತ್ತಿಗೆ ಶುರು. ಬಸ್ಸು ನಿಲ್ಲುವ ಜಾಗದಲ್ಲಿ ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸಿಗೆ ಕೆಂಡ ಮಾಡುತ್ತ ಗಾಳಿ ತಿರುವುತ್ತಿದ್ದವನ ಗದ್ದದಿಂದ ಕಪ್ಪು ಬೆವರು ತೊಟ್ಟಿಕ್ಕುತ್ತಿತ್ತು. ಇಡೀ ಹೊಸೂರು ಬೇಕೆಂದೇ ತನ್ನ ಕಡೆಗೆ ಗದ್ದ ತಿರುಗಿಸಿಕೊಂಡು, ಮುಟ್ಟು ನೋಡೋಣ ಎಂದು ಸವಾಲು ಹಾಕುತ್ತಿದೆ ಅನ್ನಿಸಿ ಮೈ ಉರಿಯಿತು. ಮುಟ್ಟುವುದೇನು ಮಹಾ, ಎರಡು ಬೆರಳು ಸಾಕು. ಎರಡು ಬೆರಳಿಗಾಗಿ ಮೂವತ್ತೆರಡು ವರ್ಷದ ಗಂಡಸು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ ಎಂದರೆ ಯಾರಾದರೂ ನಗುತ್ತಾರೆ. ಫೋಟೋ ಸ್ಟುಡಿಯೋದ ಯಜಮಾನ ತಿಮ್ಮಣ್ಣನವರಂತೂ ನಿನ್ನೆ ನಕ್ಕೇಬಿಟ್ಟಿದ್ದರು.

'ನೋಡು ವೆಂಕಟಾಚಲ, ನಂಗೆ ಕಣ್ಣಲ್ಲಿ ಪೊರೆ ಬಂದೈತೆ, ಕ್ಯಾಮೆರಾ ಕನ್ನಡೀಲಿ ಮೂಗ್ಯಾವ್ದು ಬಾಯ್ಯಾವ್ದು ತಿಳಿಯಲ್ಲ,' ಎಂದಿದ್ದರು ಅವರು, ಜಗಲಿಯ ಕುರ್ಚಿಯಲ್ಲಿ ಕಾಲು ನೀಡಿಕೊಂಡು. 'ಕೃಷ್ಣಗಿರೀಲಿ ಅಂಗಡಿ ಹಿಡ್ದಾಯ್ತು. ಅಲ್ಲಿ ಒಬ್ಬನೇ ನಿಂತು ಪಟ ತೆಗಿಯೋ ಆಳು ಬೇಕು. ನಾಳೆ ರಾಯಕೋಟೆ ಕಡೆಯಿಂದ ಸಿಪಾಯಿ ಮನೆಯೋರು ಬರ್ತಾರೆ. ನೀನೇ ತೆಗಿ. ನಾನು ಒಳಕ್ಕೆ ಬರಲ್ಲ. ಅದು ಸರಿಯಾಗಿ ಬಂತಾ, ಕೃಷ್ಣಗಿರಿ ನಿಂದು. ಬರ್ಲಿಲ್ವಾ, ಗೋಪಾಲಪ್ಪನ್ನ ಕಳಿಸ್ತೀನಿ. ನೀನು ಆ ಕತ್ತಲೆ ಕೋಣೇಲೇ ಇರು ಸಾಯೋಗಂಟ.' ಸಾಯೋಗಂಟ ಎಂಬ ಮಾತನ್ನು ಅವರು ಊಟ ಆಯ್ತಾ ಎಂದು ಕೇಳಿದಷ್ಟೇ ಸಲೀಸಾಗಿ ಅಂದರು. ಗೋಪಾಲಪ್ಪ ಅಲ್ಲೇ ಮೂಲೆಯಲ್ಲಿ ರಟ್ಟಿಗೆ ಅಂಟು ಹಚ್ಚುತ್ತಿದ್ದವನು ತಲೆ ಎತ್ತಲಿಲ್ಲ. ತಲೆ ಎತ್ತದಿರುವುದೂ ಒಂದು ಜಾಣತನ. ಬಂದು ಎರಡು ವರ್ಷ ಆಗಿಲ್ಲ, ಪಟ ಮೂಡುವ ಗಾಜಿನ ಪ್ಲೇಟು ತೊಳೆಯುವ ನೀರಿನ ಬಿಸಿ ಎಷ್ಟಿರಬೇಕೆಂದು ಈಗಲೂ ತನ್ನನ್ನೇ ಕೇಳುತ್ತಾನೆ, ಅವನಿಗೂ ತನಗೂ ಒಂದೇ ತಕ್ಕಡಿ.

ಎಂಟು ವರ್ಷ. ಈ ಊರಿನ ಮರ್ಯಾದಸ್ಥರೆಲ್ಲರ ಮುಖವೂ ವೆಂಕಟಾಚಲನ ಪಟ ತಿದ್ದುವ ಪೆನ್ಸಿಲಿನ ತುದಿಯಲ್ಲಿ ಹಾದುಹೋಗಿತ್ತು. ಯಾರ ಸಿಡುಬಿನ ಕಲೆ ತುಂಬಿದ್ದು, ಯಾರ ಡೊಂಕು ಮೂಗು ನೆಟ್ಟಗೆ ಮಾಡಿದ್ದು, ಯಾವ ವಕೀಲರ ಕಣ್ಣಿನ ಕೆಳಗಿನ ಚೀಲ ಕರಗಿಸಿದ್ದು, ಎಲ್ಲ ಅವನಿಗೆ ಗೊತ್ತು. ಅದೇ ವಕೀಲರು ಬೀದಿಯಲ್ಲಿ ಎದುರಾದರೆ ಇವನನ್ನು ಕಂಬ ನೋಡಿದಂತೆ ನೋಡಿ ಹೋಗುತ್ತಿದ್ದರು. ಪ್ಲೇಟು ತುಂಬುವುದು, ತೊಳೆಯುವುದು, ತಿದ್ದುವುದು, ಅಚ್ಚು ತೆಗೆಯುವುದು, ಒಂದರಲ್ಲೂ ಅವನನ್ನು ಮೀರಿಸುವವರು ಸೇಲಂ ಜಿಲ್ಲೆಯಲ್ಲೇ ಇಲ್ಲವೆಂದು ತಿಮ್ಮಣ್ಣನವರೇ ನಾಲ್ಕು ಜನರೆದುರು ಹೇಳಿದ್ದರು. ಬಾರದ್ದು ಒಂದೇ. ಕೂತವರ ಮುಖ ತಿರುಗಿಸಲು ಬಾರದು. ಕರಿಬಟ್ಟೆ ಹೊದ್ದು ನೋಡಿದರೆ ಕ್ಯಾಮೆರಾದ ಹಿಂಬದಿಯ ಕನ್ನಡಿಯಲ್ಲಿ ಮನುಷ್ಯ ತಲೆಕೆಳಗಾಗಿ ತೂಗುತ್ತಿರುತ್ತಾನೆ, ಎಡ ಬಲಕ್ಕೆ ಬಂದಿರುತ್ತದೆ, ಬಲ ಎಡಕ್ಕೆ. ಒಳಗಿನಿಂದ ಎಡಕ್ಕೆ ಎಂದು ಕೂಗಿದರೆ ಅವರು ಬಲಕ್ಕೆ ಹೊರಳುತ್ತಾರೆ, ಮೇಲೆ ಎಂದರೆ ಎದ್ದೇ ನಿಲ್ಲುತ್ತಾರೆ. ಅದಕ್ಕೇ ತಿಮ್ಮಣ್ಣನವರು ಬಾಯಿ ಬಿಡುತ್ತಿರಲಿಲ್ಲ. ಬಟ್ಟೆಯಿಂದ ಹೊರಬಂದು, ಸೀದಾ ಹೋಗಿ, ಗೌಡನಾಗಲಿ ಗರತಿಯಾಗಲಿ, ಗದ್ದಕ್ಕೆ ಎರಡು ಬೆರಳು ಕೊಟ್ಟು ತಮಗೆ ಬೇಕಾದ ಕಡೆ ತಿರುಗಿಸಿ ಬರುತ್ತಿದ್ದರು. 'ಗದ್ದ ಮುಟ್ಟೋಕೆ ಬಾರದೋನಿಗೆ ಪಟ ತೆಗಿಯೋಕೆ ಬರಲ್ಲ' ಎನ್ನುವುದು ಅವರ ಮಾತು. ವೆಂಕಟಾಚಲ ಎರಡು ಹೆಜ್ಜೆ ದೂರದವರೆಗೂ ಹೋಗುತ್ತಿದ್ದ. ಅಲ್ಲಿಗೆ ಕೈ ಮರಗಟ್ಟುತ್ತಿತ್ತು. ಗೋಪಾಲಪ್ಪನಿಗೇನು, ಕ್ಷೌರದವರ ಮನೆಯಲ್ಲಿ ಹುಟ್ಟಿದವನು, ಊರಿನ ಗದ್ದಗಳೆಲ್ಲ ಅವನ ಅಪ್ಪನ ಆಸ್ತಿ. ಹೀಗೆ ಅಂದುಕೊಂಡ ಕೂಡಲೇ ವೆಂಕಟಾಚಲನಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು. ಆದರೂ ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದ.

ಒಂಬತ್ತು ಗಂಟೆಗೆ ಅವರು ಬಂದರು. ಮುಂದೆ ಮಾವ ನರಸಿಂಹಪ್ಪ, ತಲೆಗೆ ಒಗೆದ ರುಮಾಲು, ಕೈಯಲ್ಲಿ ಮಿಲಿಟರಿ ಮುದ್ರೆಯ ಕಾಗದ. ಹಿಂದೆ ಸೊಸೆ ರಾಮಲಕ್ಷ್ಮಮ್ಮ, ಸೊಂಟದಲ್ಲಿ ಎರಡೂವರೆ ವರ್ಷದ ಹೆಣ್ಣುಮಗು. ಹೊಸಲು ದಾಟುವಾಗ ನೆಲ ನೋಡಿಕೊಂಡು ಬಂದವಳು ನೆಲವನ್ನೇ ನೋಡುತ್ತ ನಿಂತಳು. ಆಗಲೇ ವೆಂಕಟಾಚಲನಿಗೆ ಗೊತ್ತಾಯಿತು, ಇವಳು ತನ್ನನ್ನು ಕೊಲ್ಲುತ್ತಾಳೆ.

'ನನ್ ಮಗ ಆವುಲಪ್ಪ ದಂಡಿಗೆ ಸೇರಿ ಮೂರು ವರ್ಸ ಆಗೋಯ್ತು ಸ್ವಾಮಿ,' ಎಂದ ನರಸಿಂಹಪ್ಪ. 'ಯಾವ್ದೋ ಮರ್ಳುಗಾಡ್ನಾಗವ್ನಂತೆ. ಮಗೂನ ಕಣ್ಣಾರ ಕಂಡಿಲ್ಲ. ಈ ಕಿತ ಕಾಗ್ದದಾಗೆ ಏನು ಬರ್ಸವ್ನೆ ಅಂದ್ರೆ, ಅವಳ ಮಕ ನೆಪ್ಪಿಗೆ ಬತ್ತಿಲ್ಲ, ನೆನೆಸ್ಕಂಡಷ್ಟೂ ಅಳಿಸ್ಕಂಡು ಹೋಯ್ತದೆ, ಒಂದು ಪಟ ಕಳ್ಸಿ ಅಂತ. ಓದ್ದೋರು ಓದಿ ನಗಾಡುದ್ರು. ನಂಗೆ ನಗು ಬರ್ಲಿಲ್ಲ.'

'ಒಂದೇ ಪಟ ನೋಡಪ್ಪ,' ಎಂದರು ತಿಮ್ಮಣ್ಣ. 'ಯುದ್ಧ ಬಂದಾಗ್ಲಿಂದ ಪ್ಲೇಟೇ ಇಲ್ಲ. ಪೆಟ್ಟಿಗೇಲಿ ಎರಡವೆ, ಇನ್ನ ಯಾವಾಗ ಬರ್ತವೋ ದೇವ್ರಿಗೇ ಗೊತ್ತು. ನೀನು ಇಲ್ಲೇ ಕೂತ್ಕೋ ನನ್ ಜೊತೆ. ನೀನಿದ್ರೆ ಆಯಮ್ಮ ಮುಖ ಎತ್ತಲ್ಲ.'

ಮಾವ ಜಗಲಿಯಲ್ಲಿ ಉಳಿದ. ಅವಳು ಮುಖ ಎತ್ತಲಿಲ್ಲ. ಗಾಜಿನ ಚಾವಣಿಯಿಂದ ಬೆಳಕು ಸರಿಯಾಗಿ, ತೂಕ ಮಾಡಿ ಸುರಿದಂತೆ ಬೀಳುತ್ತಿತ್ತು. ಇಂಥ ಬೆಳಕು ವರ್ಷದಲ್ಲಿ ಹತ್ತು ದಿನ ಸಿಕ್ಕರೆ ಹೆಚ್ಚು. ಹಿಂದೆ ಕೊಳ, ಹಂಸ, ಮೆಟ್ಟಿಲು ಬರೆದ ಪರದೆ. ಮುಂದೆ ಮುಕ್ಕಾಲಿಯ ಮೇಲೆ ಅವಳು, ತೊಡೆಯ ಮೇಲೆ ಮಗು. ಪಕ್ಕದಲ್ಲಿ ಗೋಪಾಲಪ್ಪ ಚೌಕಟ್ಟಿಗೆ ಬಿಗಿದ ಬಿಳಿಬಟ್ಟೆ ಹಿಡಿದು ಅವಳ ಕೆನ್ನೆಗೆ ಬೆಳಕು ತಿರುಗಿಸಿ ನಿಂತಿದ್ದ. ಕರಿಬಟ್ಟೆಯೊಳಗೆ ಹೊಕ್ಕರೆ ಕಾಣುವುದು ಬೈತಲೆ, ಅದರ ಕೆಳಗೆ, ಅಲ್ಲ, ಅದರ ಮೇಲೆ, ಮಗುವಿನ ಪಿಳಿಪಿಳಿ ಕಣ್ಣು. ಮೂರು ವರ್ಷದಿಂದ ಹೆಂಡತಿಯ ಮುಖಕ್ಕಾಗಿ ಹಂಬಲಿಸುವವನಿಗೆ ಅವಳ ಬೈತಲೆ ಕಳಿಸುವುದೇ. ತಲೆ ಎತ್ತಮ್ಮ ಎಂದ. ಎತ್ತಿದಳು, ಇವನು ಬಟ್ಟೆಯೊಳಗೆ ಹೋಗುವಷ್ಟರಲ್ಲಿ ಇಳಿಸಿದಳು. ಇನ್ನೊಮ್ಮೆ ಎಂದ. ಇನ್ನೊಮ್ಮೆ ಇಳಿಸಿದಳು. ಮಗು ಹಂಸ ನೋಡಲು ಹಿಂದಕ್ಕೆ ತಿರುಗಿತು. ಬೆಳಕು ಸರಿಯುತ್ತಿತ್ತು. ಹೊರಗೆ ತಿಮ್ಮಣ್ಣನವರ ಕೆಮ್ಮು ಕೇಳಿಸಿತು. ಆ ಕೆಮ್ಮಿನಲ್ಲಿ ಕೃಷ್ಣಗಿರಿಯೂ ಇತ್ತು, ಕತ್ತಲೆ ಕೋಣೆಯೂ ಇತ್ತು.

'ಸ್ವಾಮಿ,' ಎಂದ ಗೋಪಾಲಪ್ಪ ಮೆಲ್ಲಗೆ, 'ಒಂದೀಟು ಗದ್ದಕ್ಕೆ ಕೈ ಕೊಟ್ರೆ...'

'ನಿನ್ನ ಕೆಲಸ ನೀನು ನೋಡ್ಕೋ.'

'ಆಗ್ಲಿ ಸ್ವಾಮಿ.'

ಆ ಸ್ವಾಮಿ ಎಂಬ ಮಾತೇ ಅವನಿಗೆ ಮುಳ್ಳಾಗಿ ನಾಟಿತು. ಬೈದರೂ ಸ್ವಾಮಿ, ಉಗಿದರೂ ಸ್ವಾಮಿ. ಪ್ಲೇಟಿನ ಮುಚ್ಚಳ ತೆಗೆದಾಗಿತ್ತು, ಒತ್ತಿದರೆ ಪಟ ಬೀಳುವ ರಬ್ಬರ್ ಬುರುಡೆ ಎಡಗೈಯಲ್ಲಿತ್ತು, ಅದರ ಉದ್ದನೆಯ ಕೊಳವೆ ನೆಲದ ಮೇಲೆ ಎಳೆಯುತ್ತ ಅವನ ಜೊತೆಗೇ ಬಂದಿತು. ಒಂದು ಹೆಜ್ಜೆ, ಇನ್ನೊಂದು. ಇಲ್ಲಿಗೆ ಕೈ ನಿಂತಿತು. ಅವಳ ನೆತ್ತಿಯ ಎಣ್ಣೆಯ ವಾಸನೆ ಬಂದಿತು. ಎಂಥ ಅಹಂಕಾರ ಇವಳಿಗೆ, ರಾಗಿ ಬೀಸುವವಳಿಗೆ, ಎಂದು ಸಿಟ್ಟು ನೆತ್ತಿಗೇರಿತು. ಅವಳದು ಅಹಂಕಾರವಲ್ಲ, ನಾಚಿಕೆ, ಎಂದು ಗೊತ್ತಿದ್ದೇ ಏರಿತು. ಪಕ್ಕದ ಮೇಜಿನ ಮೇಲೆ ರಟ್ಟು ಕತ್ತರಿಸುವ ಅಡಿಪಟ್ಟಿ ಬಿದ್ದಿತ್ತು. ಕೈ ಅದನ್ನು ಎತ್ತಿಕೊಂಡಿತು. ಪಟ್ಟಿಯ ತುದಿಯನ್ನು ಅವಳ ಗದ್ದದ ಕೆಳಗಿಟ್ಟು ಮೇಲಕ್ಕೆ ಒತ್ತಿದ. ಮುಖ ಎದ್ದಿತು. ಮಣಿಕಟ್ಟು ತಿರುಗಿದ ರೀತಿಯಲ್ಲೇ ಅವನಿಗೆ ಗುರುತು ಹತ್ತಿತು: ಇದು ಅಪ್ಪನ ಕೈ. ಶಾಲೆಯ ಕೊನೆಯ ಸಾಲಿನ ಹುಡುಗರ ಗದ್ದವನ್ನು ಮೇಷ್ಟ್ರಾಗಿದ್ದ ಅಪ್ಪ ಹೀಗೇ ಬೆತ್ತದ ತುದಿಯಿಂದ ಎತ್ತಿ, ಉತ್ತರ ಹೇಳೋ ಎನ್ನುತ್ತಿದ್ದರು, ಮುಟ್ಟಿ ಮೈಲಿಗೆಯಾಗಿ ಮನೆಗೆ ಹೋಗಿ ಸ್ನಾನ ಮಾಡಬೇಕಾಗದಂತೆ.

ಅವಳು ಅವನನ್ನು ನೋಡಿದಳು. ಈ ಎಂಟು ವರ್ಷದಲ್ಲಿ ಯಾರೂ ಅವನನ್ನು ಹಾಗೆ ನೇರವಾಗಿ ನೋಡಿರಲಿಲ್ಲ. ಪಟ್ಟಿ ತೆಗೆದು ಹಿಂದಕ್ಕೆ ಸರಿದರೂ ಅವಳ ಮುಖ ಎತ್ತಿದಲ್ಲೇ ನಿಂತಿತ್ತು, ಕಣ್ಣು ಅವನನ್ನು ಬಿಡದೆ ಹಿಂಬಾಲಿಸಿ ಕ್ಯಾಮೆರಾದ ಪಕ್ಕಕ್ಕೆ ಬಂದು ನಿಂತಿತು. ಬುರುಡೆ ಒತ್ತಿದ. ಒಂದು, ಎರಡು, ಮೂರು. ಅವಳು ರೆಪ್ಪೆ ಮಿಟುಕಿಸಲಿಲ್ಲ. ಮಗು ಕೂಡ ಅಮ್ಮನ ಎದೆ ಬಿಗಿದದ್ದು ತಿಳಿದಂತೆ ಕಲ್ಲಾಗಿ ಕೂತಿತ್ತು. ಆಯ್ತಮ್ಮ, ಏಳು, ಎಂದ. ಗೋಪಾಲಪ್ಪ ಚೌಕಟ್ಟನ್ನು ಗೋಡೆಗೆ ಒರಗಿಸಿದ. ಎಲ್ಲವನ್ನೂ ನೋಡಿದ್ದ. ಒಂದು ಮಾತು ಆಡಿದ್ದರೆ ಕಪಾಳಕ್ಕೆ ಬಾರಿಸಬಹುದಿತ್ತು.

ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಜೀವಕ್ಕೆ ಸಮಾಧಾನವಾಯಿತು. ಕೆಂಪು ದೀಪ, ಹುಳಿ ವಾಸನೆ, ತಟ್ಟೆಯಲ್ಲಿ ತೂಗುವ ನೀರು. ಇಲ್ಲಿ ಯಾರ ಗದ್ದವೂ ಇಲ್ಲ. ಪ್ಲೇಟಿನಲ್ಲಿ ಮೊದಲು ಸೀರೆ ಮೂಡಿತು, ಆಮೇಲೆ ಮಗು, ಕೊನೆಗೆ ಮುಖ. ಪೂರ್ತಿ ತೊಳೆದ ಮೇಲೆ ಬಾಗಿಲು ಓರೆ ಮಾಡಿ ಬೆಳಕಿಗೆ ಹಿಡಿದು ನೋಡಿ ಅವನು ಹಿಗ್ಗಿದ. ಇಷ್ಟು ಚೊಕ್ಕವಾದ ನೆಗೆಟಿವ್ ಈ ಸ್ಟುಡಿಯೋದಲ್ಲಿ ಯಾವತ್ತೂ ಬಂದಿರಲಿಲ್ಲ. ಹುಬ್ಬಿನ ಒಂದೊಂದು ಕೂದಲೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಕೃಷ್ಣಗಿರಿ ತನ್ನದು. ಬೆಟ್ಟದ ಕೆಳಗಿನ ಬೀದಿ, ತನ್ನದೇ ಬೋರ್ಡು, ನಾಲ್ಕು ಜನ ಕೈಮುಗಿದು ಬರುವ ಬಾಗಿಲು. ಹೀಗೆ ಸಂತೋಷಪಡುತ್ತಲೇ ಕಣ್ಣುಗಳ ಕಡೆಗೆ ಬಂದ. ಅಲ್ಲಿ ಇದ್ದದ್ದು ಬರೀ ದ್ವೇಷ. ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗಿದ್ದರೂ ದ್ವೇಷ ಮಾತ್ರ ತಿರುಗಿರಲಿಲ್ಲ. ದೂರದ ಮರಳುಗಾಡಿನಲ್ಲಿ ಲಕೋಟೆ ಒಡೆಯುವವನ ಮೇಲೆ ಇದು ಬೀಳುತ್ತದೆ. ಪಾಪ, ಅವನೇನು ಮಾಡಿದ್ದ.

ಪ್ಲೇಟು ಒಣಗಲು ಇಟ್ಟು ಅಲ್ಲೇ ನೆಲದ ಮೇಲೆ ಕೂತ. ಕೂತದ್ದು ಇಲ್ಲಿ, ಆದರೆ ಚಿಕ್ಕಂದಿನಲ್ಲಿ ಇಣುಕಿ ನೋಡಿದ ಮನೆಯ ಹಿತ್ತಿಲ ಬಾಗಿಲ ಸಂದು ಕಣ್ಣಿಗೆ ಕಟ್ಟಿತು. ಅಪ್ಪ ಹೋಗಿ ಆಗ ಒಂದು ತಿಂಗಳು. ಬಾವಿಯ ಕಟ್ಟೆಯ ಹತ್ತಿರ ಅಮ್ಮ ಜಾನಕಮ್ಮ ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು, ಗೋಪಾಲಪ್ಪನ ಅಪ್ಪ ದೊಡ್ಡಣ್ಣ ಹಿಂದೆ ಕತ್ತಿ ಮಸೆಯುತ್ತಿದ್ದ. ಅರ್ಧ ತಲೆ ಆದ ಮೇಲೆ ಅವನು ಮುಂದೆ ಬಂದು ಅವಳ ಗದ್ದಕ್ಕೆ ಎರಡು ಬೆರಳು ಕೊಟ್ಟು, 'ಎತ್ತು ನಮ್ಮವ್ವ' ಎಂದ. ಅಮ್ಮ ಎತ್ತಿದಳು. ಅವಳು ಅಳುತ್ತಾಳೆಂದು ವೆಂಕಟಾಚಲ ಸಂದಿನಲ್ಲಿ ಕಾದಿದ್ದ. ಅಳಲಿಲ್ಲ. ಕಣ್ಣು ಮುಚ್ಚಿಕೊಂಡು, ಅಷ್ಟು ದಿನದಲ್ಲಿ ಮೊದಲ ಸಲ ಹಣೆಯ ಗಂಟು ಬಿಚ್ಚಿ, ಆ ಎರಡು ಬೆರಳ ಮೇಲೆ ಮುಖದ ಭಾರವನ್ನೆಲ್ಲ ಇಟ್ಟು ಕೂತಳು. ಮನೆಯಲ್ಲಿ ಯಾರೂ ಅವಳನ್ನು ಮುಟ್ಟುತ್ತಿರಲಿಲ್ಲ. ಇವನಿಗೂ, ಮಡಿ, ದೂರ ಹೋಗು, ಎನ್ನುತ್ತಿದ್ದರು. ತಲೆ ಬೋಳಿಸಿದ್ದಕ್ಕಲ್ಲ, ಅವಳಿಗೆ ಹಾಯೆನಿಸಿದ್ದಕ್ಕೆ ಅವನು ಆ ಮನುಷ್ಯನನ್ನು ದ್ವೇಷಿಸಿದ. ಆ ಭಾರವನ್ನು ತನಗೆ ಕೊಡದೆ ಅವನಿಗೆ ಕೊಟ್ಟಳಲ್ಲ ಎಂದು. ಅಮ್ಮ ಈಗಲೂ ಇದ್ದಾಳೆ. ಕಂಡಕಂಡವರ ಮುಖದ ಕೆಲಸ ಮಾಡಿ ಬರುತ್ತಾನೆಂದು ಸ್ನಾನವಾಗುವವರೆಗೂ ಅವನನ್ನು ನಡುಮನೆಗೆ ಬಿಡುವುದಿಲ್ಲ. ಯಾರ ಮುಖವನ್ನೂ ಮುಟ್ಟಿಲ್ಲಮ್ಮ ಎಂದು ಹೇಳಿದರೆ ನಂಬುವುದಿಲ್ಲ.

ಪ್ಲೇಟು ಒಣಗಿತು. ಹಿಂದಿನಿಂದ ಬೆಳಕು ಹಾಯಿಸುವ ಕನ್ನಡಿಯ ಮೇಜಿನ ಮೇಲೆ ಅದನ್ನು ನಿಲ್ಲಿಸಿ ಪೆನ್ಸಿಲನ್ನು ಸೂಜಿಯಷ್ಟು ಚೂಪು ಮಾಡಿದ. ಗಂಡನ ಸಲುವಾಗಿ ತಿದ್ದುತ್ತಿದ್ದೇನೆ ಎಂದುಕೊಂಡ. ಸುಳ್ಳು, ಅವನಿಗೆ ಹೆದರಿಕೆಯಾಗಿತ್ತು, ಅಷ್ಟೆ. ತಿಮ್ಮಣ್ಣನವರು ಈ ಕಣ್ಣು ನೋಡಿದರೆ, ಏನು ಮಾಡಿದೆ ಆಯಮ್ಮನಿಗೆ, ಎಂದು ಕೇಳುತ್ತಾರೆ. ಸಣ್ಣ ಕತ್ತಿಯಿಂದ ಮೇಲಿನ ರೆಪ್ಪೆಯನ್ನು ಒಂದು ಕೂದಲಿನಷ್ಟು ಕೆರೆದು ಇಳಿಸಿದ. ಹುಬ್ಬಿನ ನಡುವಿನ ಗೆರೆ ತುಂಬಿದ. ಎಡಹುಬ್ಬನ್ನು ಎರಡು ಮಾಡಿದ್ದ ಹಳೆಯ ಗಾಯದ ಗುರುತನ್ನೂ, ಹೇಗೂ ಕೈ ಅಲ್ಲಿಗೆ ಬಂದಿದೆ ಎಂದು, ಮುಚ್ಚಿದ. ತುಟಿಯ ತುದಿಗೆ ಎರಡು ಚುಕ್ಕೆ. ನೋಡುತ್ತ ನೋಡುತ್ತ ಅವಳು ಶಾಂತಳಾದಳು, ವಿಧೇಯಳಾದಳು, ಮದುವೆ ಮನೆಯಲ್ಲಿ ಹಂಚುವ ಪಟದ ಲಕ್ಷ್ಮಿಯಂತೆ ಅರೆಗಣ್ಣು ಮಾಡಿ ಮುಗುಳ್ನಕ್ಕಳು. ಇಷ್ಟು ಚೆನ್ನಾಗಿ ಅವನು ಯಾರನ್ನೂ ತಿದ್ದಿರಲಿಲ್ಲ. ತಪ್ಪನ್ನು ಇಷ್ಟು ಸುಲಭವಾಗಿ ಅಳಿಸಬಹುದಾದರೆ ಜನ ಯಾಕೆ ಕಾಶಿಗೆ ಹೋಗುತ್ತಾರೆ ಎಂದು ನಗು ಬಂದಿತು.

ಮಧ್ಯಾಹ್ನ ಎರಡೂವರೆಗೆ, ಬಿಸಿಲಿನಲ್ಲಿ ಅಚ್ಚು ತೆಗೆದು ತೊಳೆದು ಒರಸಿದ ಪಟವನ್ನು ಜಗಲಿಗೆ ತಂದುಕೊಟ್ಟ. ತಿಮ್ಮಣ್ಣನವರು ಕಣ್ಣಿಗೆ ಮೂರು ಬೆರಳು ದೂರ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. 'ಪರವಾಗಿಲ್ವೇ,' ಎಂದರು. ಅವರ ಬಾಯಲ್ಲಿ ಅದು ಬಂಗಾರದ ಪದಕ. ನರಸಿಂಹಪ್ಪ ರುಮಾಲಿನ ತುದಿಯಲ್ಲಿ ಕೈ ಒರಸಿಕೊಂಡು ತೆಗೆದುಕೊಂಡ. 'ಅವ್ವವ್ವ, ಲಕ್ಸ್ಮಿ ಹಂಗವ್ಳಲ್ಲ ನಮ್ ಸೊಸೆ. ಮಗೂನೂ ಎಷ್ಟು ಚೆಂದಾಗ್ ಬಂದೈತೆ. ನೋಡವ್ವ.' ರಾಮಲಕ್ಷ್ಮಮ್ಮ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬೆಳಗಿನಿಂದ ಮೊದಲ ಸಲ ಬಾಯಿ ಬಿಟ್ಟಳು.

'ಇದ್ಯಾರು ಮಾವ?'

'ಯಾರು ಅಂದ್ರೆ? ನೀನೇ ಕಣವ್ವ.'

'ನನ್ ಹುಬ್ಬಿನ್ ಗಾಯ ಎಲ್ಲಿ? ರಾಗಿ ಕೊಯ್ವಾಗ ನಿಮ್ ಮಗನ ಕುಡ್ಲು ತಗುಲಿದ್ದು. ಅವರೇ ಅರಿಸ್ನ ಮೆತ್ತಿದ್ದು.' ದನಿ ಸಣ್ಣದಾಗಿತ್ತು, ನಡುಗುತ್ತಿರಲಿಲ್ಲ. 'ಮಕ ಮರ್ತೋರ್ಗೆ ಬ್ಯಾರೆ ಮಕ ಕಳ್ಸುದ್ರೆ ಇದೇ ನಿಜ ಅನ್ಕಂಬುಡ್ತಾರೆ. ನಾಳೀಕೆ ಬಂದಾಗ ನಾನ್ಯಾರು?'

'ತಿದ್ದೋದು ಪದ್ಧತಿ ಅಮ್ಮ,' ಎಂದ ವೆಂಕಟಾಚಲ. 'ಎಲ್ಲರಿಗೂ ತಿದ್ದುತೀವಿ. ಚೆನ್ನಾಗಿ ಕಾಣಲಿ ಅಂತ.'

ಅವಳು ಅವನ ಕಡೆಗೆ ತಿರುಗಲಿಲ್ಲ. ಮಾವನಿಗೇ ಹೇಳಿದಳು: 'ಈ ಸ್ವಾಮೇರು ನನ್ ಮಕಾನ ಕೋಲ್ನಾಗೆ ಎತ್ತುದ್ರು ಮಾವ. ಸಂತೇಲಿ ದನದ್ ಬಾಯಿ ನೋಡ್ದಂಗೆ.'

ನರಸಿಂಹಪ್ಪ ಕೂಗಾಡುತ್ತಾನೆಂದು ವೆಂಕಟಾಚಲ ಕಾದ. ಕೂಗಾಡಿದರೆ ತಾನೂ ಕೂಗಾಡಬಹುದು, ಹೆಂಗಸಿನ ಮೈ ಮುಟ್ಟದೆ ಮರ್ಯಾದೆ ಕಾಪಾಡಿದ್ದು ತಪ್ಪೇ ಎಂದು ಕೇಳಬಹುದು. ಆ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಮುದುಕ ಪಟವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ, ಅಷ್ಟೆ. 'ಗೋಪಾಲಪ್ಪ,' ಎಂದರು ತಿಮ್ಮಣ್ಣ, 'ನಿಜವೇನಲಾ?' ಗೋಪಾಲಪ್ಪ ನೆಲ ನೋಡಿದ. 'ನಾನ್ ಬಟ್ಟೆ ಹಿಡ್ಕಂಡಿದ್ದೆ ಸ್ವಾಮಿ, ಕಾಣ್ಲಿಲ್ಲ,' ಎಂದ. ತನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆ ಎಂಬುದನ್ನು ವೆಂಕಟಾಚಲನಿಂದ ಸಹಿಸಲಾಗಲಿಲ್ಲ.

'ಅವಳು ತಲೆ ಎತ್ತದಿದ್ರೆ ನಾನೇನು ಮಾಡ್ಲಿ?' ಎಂದ. 'ಹತ್ತು ಸಲ ಹೇಳ್ದೆ.'

'ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ,' ಎಂದರು ತಿಮ್ಮಣ್ಣ. ಸಿಟ್ಟಿರಲಿಲ್ಲ, ಆಯಾಸವಿತ್ತು. 'ಎಂಟು ವರ್ಷ ಎಲ್ಲರ ಮುಖಾನೂ ಕೆರೆದ್ಯಲ್ಲಯ್ಯಾ, ಒಂದನ್ನಾದ್ರೂ ನೋಡಿದ್ಯಾ? ಇನ್ನೊಂದು ಪ್ಲೇಟೈತೆ. ಗೋಪಾಲಪ್ಪ, ನೀನು ತೆಗಿ. ಬೆಳಕು ಇಳಿಯೋದ್ರೊಳಗೆ ಆಗ್ಬೇಕು.'

ಕೃಷ್ಣಗಿರಿಯ ಮಾತನ್ನು ಅವರು ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ. ಮನೆಗೆ ಹೊರಟುಬಿಡಬೇಕೆಂದು ವೆಂಕಟಾಚಲ ಎರಡು ಸಲ ಬಾಗಿಲ ಕಡೆ ನೋಡಿದ. ಆದರೆ ಕಾಲು ಅಭ್ಯಾಸದಂತೆ ಒಳಗೇ ನಡೆಯಿತು, ಕೈ ಅಭ್ಯಾಸದಂತೆ ಪ್ಲೇಟು ತುಂಬಿಕೊಂಡು ಬಂದಿತು. ಕೊನೆಯದು. ಪೆಟ್ಟಿಗೆ ಖಾಲಿಯಾಯಿತು. ಮಗು ಹಸಿವಿಗೆ ರಚ್ಚೆ ಹಿಡಿದಿತ್ತು. ರಾಮಲಕ್ಷ್ಮಮ್ಮ ಅದಕ್ಕೆ ಬುತ್ತಿಯ ಮುದ್ದೆ ತಿನ್ನಿಸಲು ಹಿಂದಿನ ಬಾಗಿಲ ಮೆಟ್ಟಿಲಿಗೆ ಹೋಗಿದ್ದಳು. ಗಾಜಿನ ಚಾವಣಿಯಲ್ಲಿ ಬಿಸಿಲು ಪಶ್ಚಿಮದ ಮೂಲೆಗೆ ಜಾರಿತ್ತು. ಗೋಪಾಲಪ್ಪ ಮೇಲೆ ನೋಡಿದ, ಖಾಲಿ ಮುಕ್ಕಾಲಿ ನೋಡಿದ, ವೆಂಕಟಾಚಲನನ್ನು ನೋಡಿದ.

'ಆಯಮ್ಮ ಬರೋದ್ರೊಳಗೆ ಪೋಕಸ್ ಮಾಡ್ಕಂಬೇಕು, ಸ್ವಾಮಿ. ಇರೋದೊಂದೇ ಪ್ಲೇಟು, ಆಮ್ಯಾಕೆ ತಿಣುಕಾಡಂಗಿಲ್ಲ,' ಎಂದ. 'ನೀವು ವಸಿ ಕುತ್ಕಂತೀರಾ?'

ಅವನ ದನಿಯಲ್ಲಿ ಕೊಂಕಿಗಾಗಿ ವೆಂಕಟಾಚಲ ಹುಡುಕಿದ. ಸಿಕ್ಕಿದ್ದರೆ ಬದುಕಿಕೊಳ್ಳುತ್ತಿದ್ದ. ಇರಲಿಲ್ಲ. ಹೋಗಿ ಕೂತ. ಎಂಟು ವರ್ಷದಲ್ಲಿ ಆ ಮುಕ್ಕಾಲಿಯ ಮೇಲೆ ಒಮ್ಮೆಯೂ ಕೂತಿರಲಿಲ್ಲ. ಇಲ್ಲಿಂದ ಕ್ಯಾಮೆರಾ ಇಷ್ಟು ದೊಡ್ಡದಾಗಿ, ಇಷ್ಟು ಹತ್ತಿರವಾಗಿ ಕಾಣುತ್ತದೆಂದು ತಿಳಿದಿರಲಿಲ್ಲ. ಗೋಪಾಲಪ್ಪ ಬಟ್ಟೆಯೊಳಗೆ ಹೊಕ್ಕ. ಅಲ್ಲಿ ತಾನೀಗ ತಲೆಕೆಳಗಾಗಿ ನೇತಾಡುತ್ತಿದ್ದೇನೆ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗಾಜಿನ ಕಣ್ಣು ನೋಡಲಾರದೆ ನೆಲ ನೋಡಿದ, ಕುತ್ತಿಗೆ ತಾನಾಗಿ ಬಗ್ಗಿತು, ಎತ್ತೋಣವೆಂದರೆ ಎತ್ತಲಾಗಲಿಲ್ಲ.

ಗೋಪಾಲಪ್ಪ ಬಟ್ಟೆ ಸರಿಸಿ ಹತ್ತಿರ ಬಂದ. 'ಮುಟ್ತೀನಿ, ಸ್ವಾಮಿ,' ಎಂದ.

ಬೇಡ ಎನ್ನಬೇಕೆಂದಿದ್ದ. ಅಷ್ಟರಲ್ಲಿ ಎರಡು ಬೆರಳು ಬಂದಾಗಿತ್ತು. ಒರಟು ಬೆರಳು, ಅಂಟಿನ ವಾಸನೆ, ಬೆಚ್ಚಗಿದ್ದವು. ಒತ್ತಲಿಲ್ಲ, ಎಳೆಯಲಿಲ್ಲ, ಸುಮ್ಮನೆ ಇದ್ದವು. ಅವುಗಳ ಮೇಲೆ ಅವನ ಮುಖ, ಅವನನ್ನು ಕೇಳದೆ, ನಾಚಿಕೆಯಿಲ್ಲದೆ, ತನ್ನ ಭಾರವನ್ನೆಲ್ಲ ಇಟ್ಟುಬಿಟ್ಟಿತು. 'ಹಂಗೇ ಇರಿ,' ಎಂದು ಗೋಪಾಲಪ್ಪ ಕೈ ತೆಗೆದು ಹಿಂದಕ್ಕೆ ಹೋದ. ಕೈ ಹೋದದ್ದಕ್ಕೆ ದುಃಖವಾಯಿತು. ಇದಕ್ಕಾಗಿ ಇವನನ್ನು ಸಾಯುವವರೆಗೂ ಕ್ಷಮಿಸಬಾರದು ಎಂದು ವೆಂಕಟಾಚಲ ನಿಶ್ಚಯಿಸಿದ.

ಹಿಂದಿನ ಬಾಗಿಲಲ್ಲಿ ರಾಮಲಕ್ಷ್ಮಮ್ಮ ಮಗುವಿನ ಬಾಯಿ ಒರಸುತ್ತ ಬಂದು ನಿಂತಳು.

'ಆಯ್ತು, ಏಳಿ ಸ್ವಾಮಿ,' ಎಂದ ಗೋಪಾಲಪ್ಪ ಬಟ್ಟೆಯೊಳಗಿನಿಂದ. 'ಆಯಮ್ಮ ಬಂದವ್ರೆ.'

ಅವನು ಏಳಲಿಲ್ಲ. ಗೋಪಾಲಪ್ಪ ಇನ್ನೊಮ್ಮೆ ಕರೆದ, ಜಗಲಿಯಿಂದ ತಿಮ್ಮಣ್ಣನವರು ಬೆಳಕು ಹೋಗುತ್ತೆ ಕಣ್ರೋ ಎಂದು ಕೂಗಿದರು. ಅವಳು ತನ್ನ ಜಾಗಕ್ಕಾಗಿ ಕಾಯುತ್ತ ನಿಂತಿದ್ದಳು, ಈಗ ನೆಲ ನೋಡುತ್ತಿರಲಿಲ್ಲ. ವೆಂಕಟಾಚಲ ಆ ಎರಡು ಬೆರಳು ಬಿಟ್ಟುಹೋದ ಎತ್ತರದಿಂದ ಗದ್ದ ಇಳಿಸದೆ ಕೂತೇ ಇದ್ದ.